ಧ್ಯಾನದ ಪುಸ್ತಕ ಹೊತ್ತು ಊರೂರಿಗೆ

ಧಾರವಾಡದಲ್ಲಿ ನನ್ನ ಗೆಳೆಯನದೊಂದು ಸಣ್ಣ ಪ್ರಕಾಶನ ಇದೆ. ವರ್ಷಕ್ಕೆ ನಾಲ್ಕಾರು ಪುಸ್ತಕ ತರುತ್ತಾನೆ. ವಚನ, ತತ್ವಪದ, ಧ್ಯಾನ, ಸರಳ ಬದುಕು ಇಂಥವೇ ಜಾಸ್ತಿ. ಪುಸ್ತಕ ಮಾಡುವುದರಲ್ಲಿ ಅವನದ್ದು ಎತ್ತಿದ ಕೈ. ಕರಡು ತಿದ್ದಲು ಕೂತರೆ ಒಂದು ಒತ್ತಕ್ಷರ ತಪ್ಪಲು ಬಿಡುವುದಿಲ್ಲ. ಆದರೆ ಅಚ್ಚಾಗಿ ಬಂದ ಪುಸ್ತಕವನ್ನು ಜನರ ಹತ್ತಿರ ಒಯ್ಯಲು ಅವನಿಗೆ ಯಾರೂ ಇರಲಿಲ್ಲ. ಸಹಕಾರಿ ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ಆ ಕೆಲಸವನ್ನು ನಾನೇ ಕೇಳಿ ಪಡೆದೆ. ಸಂಬಳವಿಲ್ಲ. ಓಡಾಟದ ಖರ್ಚು ಮಾತ್ರ ಪ್ರಕಾಶನದ್ದು.

ನಾನು ಕೈಹಾಕಿದಾಗ ನಮ್ಮ ಮುಂದೆ ಇದ್ದದ್ದು ಒಂದು ಪುಸ್ತಕ, ಒಂದು ಸಾಕ್ಷ್ಯಚಿತ್ರ. ಪುಸ್ತಕ ಬರೆದವರು ನಿವೃತ್ತ ಶಿಕ್ಷಕಿ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅಂತೀವಲ್ಲ, ಊರಿಗೆಲ್ಲ ಅವರು ಅಕ್ಕೋರೇ. ರೊಟ್ಟಿ ಬಡಿಯುವಾಗ, ನೀರು ತುಂಬುವಾಗ, ಬಸ್ ಕಾಯುವಾಗ ಮನಸ್ಸನ್ನು ಕೈಯಲ್ಲಿದ್ದ ಕೆಲಸದ ಮೇಲೇ ಇಡುವುದು ಹೇಗೆ ಎಂದು ಸಣ್ಣ ಸಣ್ಣ ಅಧ್ಯಾಯಗಳಲ್ಲಿ ಬರೆದಿದ್ದರು. 12ನೇ ಶತಮಾನದ ಶರಣರು ಕಾಯಕದ ಬಗ್ಗೆ ಹೇಳಿದ್ದನ್ನು ತಮ್ಮ ಅಡುಗೆಮನೆಯಲ್ಲಿ ಕೂತು ಮತ್ತೆ ಯೋಚಿಸಿದಂಥ ಪುಸ್ತಕ ಅದು. ಚಿತ್ರ ಮಾಡಿದವನು ಹುಬ್ಬಳ್ಳಿಯ ಒಬ್ಬ ಹುಡುಗ. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ತತ್ವಪದ ಹಾಡುವವರ ಜೊತೆ ಊರೂರು ತಿರುಗಿ ತೆಗೆದಿದ್ದ. ಸುಮಾರು ಒಂದು ತಾಸಿನ ಚಿತ್ರ. ಎರಡನ್ನೂ ಒಟ್ಟಿಗೆ ಜನರ ಮುಂದೆ ಇಡೋಣ ಎಂದು ನಿರ್ಧಾರ ಮಾಡಿದೆವು.

ಮೊದಲ ಗುದ್ದಾಟ ನಡೆದದ್ದು ಬೆನ್ನುಡಿಯ ಮೇಲೆ. ಅಂಗಡಿಯಲ್ಲಿ ಪುಸ್ತಕ ಎತ್ತಿಕೊಂಡವರು ತಿರುಗಿಸಿ ಹಿಂದಿನ ರಕ್ಷಾಪುಟವನ್ನೇ ಮೊದಲು ಓದುತ್ತಾರೆ. ಅಲ್ಲಿ ಏನು ಬರೆಯಬೇಕು? ಧ್ಯಾನದ ಪುಸ್ತಕಗಳ ಹಿಂದೆ ಇತ್ತೀಚೆಗೆ ಏನೇನೋ ಭರವಸೆ ಇರುತ್ತದೆ. ಇಷ್ಟು ದಿನದಲ್ಲಿ ಒತ್ತಡ ಮಾಯ, ನಿದ್ದೆ ಖಚಿತ, ಬಿಪಿ ಹತೋಟಿಗೆ. ನನ್ನ ಗೆಳೆಯನೂ ಅದೇ ದಾರಿ ಹಿಡಿಯೋಣ ಅಂದ. "ಏನಾರ ಒಂದು ಲಾಭ ಹೇಳಬೇಕಲ್ಲೋ ಮಾರಾಯಾ. ಇಲ್ಲಂದ್ರ ಯಾರು ತಗೋತಾರ?"

ಅಕ್ಕೋರು ಒಪ್ಪಲಿಲ್ಲ. "ನಾ ಡಾಕ್ಟರ್ ಅಲ್ರೀ. ನನಗ ಗೊತ್ತಿಲ್ಲದ್ದನ್ನ ನನ್ನ ಹೆಸರಿನ ಕೆಳಗ ಬರೀಬ್ಯಾಡ್ರಿ" ಅಂದರು. ನಾನು ಅವರ ಕಡೆಗೇ ನಿಂತೆ. ಇದಕ್ಕೆ ಕಾನೂನಿನ ಕಾರಣವೂ ಇದೆ. ರೋಗ ವಾಸಿ ಮಾಡುವ ಸುಳ್ಳು ಜಾಹೀರಾತುಗಳನ್ನು ತಡೆಯಲು 1954ರಲ್ಲೇ ಒಂದು ಕಾಯ್ದೆ ಬಂದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಅದರ ಪಟ್ಟಿಯಲ್ಲಿವೆ. ಔಷಧಿಯ ಜೊತೆಗೆ ತಾಯತ, ಮಂತ್ರ, ಕವಚದ ಹೆಸರಿನಲ್ಲಿ ರೋಗ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಹಾಕುವುದನ್ನೂ ಅದು ತಡೆಯುತ್ತದೆ. ಪುಸ್ತಕಕ್ಕೆ ಆ ಕಾಯ್ದೆ ಎಷ್ಟು ತಟ್ಟುತ್ತದೆ ಅನ್ನುವ ಮಾತು ಒಂದು ಕಡೆ ಇರಲಿ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ನೊಂದವರು, ಸೋತವರು, ರಾತ್ರಿ ನಿದ್ದೆ ಬಾರದವರು ಇಂಥ ಪುಸ್ತಕವನ್ನು ಆಸೆಯಿಂದ ಕೈಗೆತ್ತಿಕೊಳ್ಳುತ್ತಾರೆ. ಅವರಿಗೆ ಇಲ್ಲದ ಭರವಸೆ ಕೊಟ್ಟು ದುಡ್ಡು ತಗೊಳ್ಳುವುದು ದೊಡ್ಡ ಅನ್ಯಾಯ. ಕೊನೆಗೆ ರೊಟ್ಟಿ ಬಡಿಯುವ ಅಧ್ಯಾಯದ ಹತ್ತು ಸಾಲುಗಳನ್ನೇ ಹಿಂದೆ ಅಚ್ಚು ಹಾಕಿದೆವು. ಒಳಗೆ ಏನಿದೆಯೋ ಅದರ ಒಂದು ತುಣುಕು ಅಷ್ಟೇ.

ಆ ದಿನಗಳಲ್ಲಿ ನಾನು ನಮ್ಮ ಹಿಂದಿನವರ ಬಗ್ಗೆ ತುಂಬಾ ಓದಿದೆ. ಇಂಥ ಪುಸ್ತಕವನ್ನು ಜನರಿಗೆ ಮುಟ್ಟಿಸಲು ಈ ಕಡೆಯವರು ಪಟ್ಟ ಪಾಡು ಸಣ್ಣದಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದವರು. ಮನೆಮನೆ ಅಲೆದು ತಾಳೆಗರಿ ಹುಡುಕಿ ವಚನ ಸಂಗ್ರಹಿಸಿದರು. 1923ರಲ್ಲಿ ಮೊದಲ ಸಂಪುಟ ಬಂತು. ಅಚ್ಚು ಹಾಕಲು ಬೇರೆಯವರನ್ನು ಕಾಯುವುದು ಬೇಡವೆಂದು ಇದ್ದ ಮನೆಯನ್ನೇ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಹಾವೇರಿ ಕಡೆಯ ಗಳಗನಾಥರದ್ದು ಇನ್ನೊಂದು ಬಗೆ. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಗೆ ಸಂಪಾದಕರಾಗಿ ದುಡಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪುಸ್ತಕ ಹೊತ್ತು ಹೋಗುವುದು ಕೀಳು ಕೆಲಸ ಎಂದು ಅವರಿಗೆ ಅನಿಸಲಿಲ್ಲ. ಅದನ್ನು ಓದಿದ ಮೇಲೆ ನನಗೂ ಮುಜುಗರ ಉಳಿಯಲಿಲ್ಲ.

ಅಂಗಡಿಗಳಿಂದಲೇ ಶುರುಮಾಡಿದೆ. ಧಾರವಾಡ, ಹುಬ್ಬಳ್ಳಿ, ಹಾವೇರಿ, ಗದಗ. ಕನ್ನಡ ಪುಸ್ತಕ ಮಾರುವವರು ನಮ್ಮನ್ನು ಪ್ರೀತಿಯಿಂದಲೇ ಮಾತಾಡಿಸುತ್ತಾರೆ. ಆದರೆ ವ್ಯಾಪಾರ ವ್ಯಾಪಾರವೇ. ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಮಿಷನ್ ಬಿಡಬೇಕು. ದುಡ್ಡು ಮಾರಿದ ಮೇಲೆ ಬರುತ್ತದೆ. ಅದೂ ಕೇಳಿದರೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅಷ್ಟು ನಿರಾಳ. ಹೊಸ ಲೇಖಕಿಯ ಪುಸ್ತಕ ಕಪಾಟಿನಲ್ಲಿ ಬೆನ್ನು ತೋರಿಸಿ ನಿಂತುಬಿಟ್ಟರೆ ಮುಗಿಯಿತು. ಯಾರೂ ಎಳೆದು ನೋಡುವುದಿಲ್ಲ. ಫ್ಲೆಕ್ಸ್ ಹಾಕಿದೆವು. ವಾಟ್ಸಾಪ್‌ನಲ್ಲಿ ರಕ್ಷಾಪುಟದ ಚಿತ್ರ ಕಳಿಸಿದೆವು. ಕೈ ಮುಗಿದ ಚಿಹ್ನೆ, ಹೂವಿನ ಚಿಹ್ನೆ ಬೇಕಾದಷ್ಟು ಬಂದವು. ಪುಸ್ತಕ ಕಳಿಸಿ ಅಂದವರು ಕಡಿಮೆ. ಮೂವತ್ತು ಸೆಕೆಂಡಿನ ವಿಡಿಯೊ ಮಾಡಿದರೆ ಜನ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಂದೆ ಹೋಗುತ್ತಾರೆ. ನಿಧಾನ ಮಾಡಿ ಎನ್ನುವ ಪುಸ್ತಕವನ್ನು ಅಷ್ಟು ಅವಸರದ ಜಾಗದಲ್ಲಿ ಇಟ್ಟರೆ ಅದು ಕಾಣುವುದಾದರೂ ಹೇಗೆ, ಅಲ್ವಾ?

ದಾರಿ ತೋರಿಸಿದ್ದು ಶ್ರಾವಣ. ನಮ್ಮ ಕಡೆ ಶ್ರಾವಣ ಬಂತೆಂದರೆ ಮಠಗಳಲ್ಲಿ, ಗುಡಿಗಳಲ್ಲಿ ತಿಂಗಳಿಡೀ ಪುರಾಣ, ಪ್ರವಚನ ನಡೆಯುತ್ತದೆ. ಹೊಲದ ಕೆಲಸ ಮುಗಿಸಿ, ಊಟದ ಡಬ್ಬಿ ತೊಳೆದಿಟ್ಟು, ಜನ ಬಂದು ಕೂತು ಕೇಳುತ್ತಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ಇದ್ದಾಗ ಬೆಳಗಿನ ಜಾವದ ಪ್ರವಚನಕ್ಕೆ ಸಾವಿರಾರು ಜನ ಸದ್ದಿಲ್ಲದೆ ಬಂದು ಕೂರುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ. ಜೇಬಿಲ್ಲದ ಅಂಗಿ ತೊಟ್ಟು, ಏರು ದನಿ ಇಲ್ಲದೆ ಮಾತಾಡುತ್ತಿದ್ದವರು. 2023ರ ಜನವರಿ 2ರಂದು ಅವರು ಹೋದರು. ಆ ಕೇಳುವ ಅಭ್ಯಾಸ ಮಾತ್ರ ಊರುಗಳಲ್ಲಿ ಹಾಗೇ ಇದೆ. ಇಂಥ ವಿಷಯ ನಮ್ಮ ಜನಕ್ಕೆ ಕಿವಿಯಿಂದಲೇ ಒಳಗೆ ಹೋಗುತ್ತಾ ಬಂದಿದೆ. ಗಮಕ ಹೀಗೆ, ಭಜನೆ ಹೀಗೆ, ಶರೀಫಜ್ಜನ ಪದವೂ ಹೀಗೆ. ಕೇಳಿದ ಮೇಲೆ ಓದಲು ಮನಸ್ಸಾಗುತ್ತದೆ. ಕೇಳಿಸದೆ ಪುಸ್ತಕ ಕೊಡಲು ಹೋಗುತ್ತಿದ್ದೇವೆ ಎಂದು ನನಗೆ ಆಗ ಹೊಳೆಯಿತು.

ಹಾವೇರಿ ಜಿಲ್ಲೆಯ ಒಂದು ಊರಿನ ಮಠದವರನ್ನು ಕೇಳಿಕೊಂಡೆವು. ಪ್ರವಚನ ಶುರುವಾಗುವ ಮುಂಚೆ ಹತ್ತು ನಿಮಿಷ ಅಕ್ಕೋರು ತಮ್ಮ ಪುಸ್ತಕದ ಒಂದು ಅಧ್ಯಾಯ ಓದಲಿ, ಬೇರೆ ಏನೂ ಬೇಡ ಅಂದೆವು. ಒಪ್ಪಿದರು. ಅಕ್ಕೋರು ನೀರು ತುಂಬುವ ಅಧ್ಯಾಯ ಓದಿದರು. ನಲ್ಲಿಗೆ ವಾರಕ್ಕೆ ಒಮ್ಮೆ ನೀರು ಬರುವ ಊರು ಅದು. ಕೊಡದ ಮುಂದೆ ನಿಂತಾಗಿನ ಸಿಟ್ಟು, ಪಕ್ಕದವರ ಮೇಲಿನ ಅನುಮಾನ, ನೀರಿನ ಸದ್ದು ಬದಲಾಗುತ್ತಾ ಕೊಡ ತುಂಬುವುದು. ಮುಂದಿನ ಸಾಲಿನಲ್ಲಿ ಕೂತ ಹೆಂಗಸರು ತಲೆಯಾಡಿಸುತ್ತಿದ್ದರು. ಅವತ್ತು ಚಪ್ಪಲಿ ಬಿಡುವ ಜಾಗದ ಹತ್ತಿರ ಇಟ್ಟಿದ್ದ ನಮ್ಮ ಮೇಜಿನ ಸುತ್ತ ಜನ ಸೇರಿದರು. ಮಾರನೇ ದಿನ ಓದು ಮುಗಿದ ಮೇಲೆ "ನಾಳೆ ಯಾವುದು ಓದ್ತೀರಿ ಅಕ್ಕೋರ?" ಎಂದು ಕೇಳಿದರು.

ಮೇಜು ಹಾಕುವುದರಲ್ಲೂ ಕಲಿಯುವುದಿದೆ. ಜನ ಒಳಗೆ ಹೋಗುವಾಗ ನಿಲ್ಲುವುದಿಲ್ಲ, ಜಾಗ ಹಿಡಿಯುವ ಅವಸರ. ಹೊರಗೆ ಬರುವಾಗ ನಿಲ್ಲುತ್ತಾರೆ. ಹಾಗಾಗಿ ಮೇಜು ಬಾಗಿಲ ಎಡಕ್ಕಿರಲಿ, ಬಲಕ್ಕಿರಲಿ, ಹೊರಬರುವವರ ಮುಖಕ್ಕೆ ಕಾಣಬೇಕು. ಮೇಲೆ ಒಂದು ಒಳ್ಳೆಯ ಬಲ್ಬು ಬೇಕು. ಹತ್ತು ಇಪ್ಪತ್ತರ ಚಿಲ್ಲರೆ ಮನೆಯಿಂದಲೇ ಒಯ್ಯಬೇಕು. ಫೋನ್‌ಪೇ ಎಲ್ಲ ಕಡೆ ಇದೆ, ಆದರೆ ವಯಸ್ಸಾದ ತಾಯಂದಿರು ಸೆರಗಿನ ಗಂಟು ಬಿಚ್ಚಿ ನೋಟು ಕೊಡುತ್ತಾರೆ. ಪುಸ್ತಕ ಕೈಗೆತ್ತಿಕೊಂಡವರನ್ನು ಮಾತಾಡಿಸಬಾರದು. ಎರಡು ಪುಟ ಓದಲು ಬಿಡಬೇಕು. ಬೆಲೆ ನೂರು ರೂಪಾಯಿ ದಾಟಿದರೆ ಕೈ ಹಿಂದಕ್ಕೆ ಹೋಗುತ್ತದೆ. 1923ರಲ್ಲಿ ಶುರುವಾದ ಗೋರಖಪುರದ ಗೀತಾ ಪ್ರೆಸ್ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುವುದನ್ನು ನೋಡಿ ಬೆಳೆದ ಜನ ನಾವು. ಅಷ್ಟು ಕಡಿಮೆಗೆ ಕೊಡಲು ಸಣ್ಣ ಪ್ರಕಾಶನಕ್ಕೆ ಆಗುವುದಿಲ್ಲ. ಆದರೂ ನಮ್ಮ ಪುಸ್ತಕವನ್ನು ನೂರರ ಒಳಗೇ ಇಟ್ಟೆವು.

ಮೇಜಿನ ಹತ್ತಿರ ಒಂದು ಪ್ರಶ್ನೆ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. "ಸರ, ಇದನ್ನ ಓದಿದ್ರ ಬಿಪಿ ಕಡಿಮಿ ಆಕ್ಕೈತೇನ್ರೀ?" ಇಲ್ಲ, ಗುಳಿಗೆ ಬಿಡಬೇಡಿ, ಡಾಕ್ಟರ್ ಹೇಳಿದ್ದನ್ನು ಮಾಡಿ, ಇದು ಬೇರೆ ಎಂದು ಹೇಳುತ್ತಿದ್ದೆ. ಕೆಲವರು ಪುಸ್ತಕ ಕೆಳಗಿಟ್ಟು ಹೋಗುತ್ತಿದ್ದರು. ಕೆಲವರು ಹಾಗಾದರೆ ಇದರಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಆ ಎರಡನೆಯವರ ಜೊತೆ ಕೂತು ಮಾತಾಡಿದ್ದು ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಸಂತೋಷ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಊಟ ಮಾಡಲು ಆಗುತ್ತಿಲ್ಲ ಎಂದು ಒಬ್ಬ ತಾಯಿ ಹೇಳಿದರು. ಪುಸ್ತಕದಲ್ಲಿ ಊಟದ ಬಗ್ಗೆ ಒಂದು ಅಧ್ಯಾಯ ಇದೆ ಎಂದು ನಾನು ತೋರಿಸಿದೆ. ಅದನ್ನು ಅಲ್ಲೇ ನಿಂತು ಪೂರ್ತಿ ಓದಿದರು.

ಇನ್ನೊಂದು ವಿಷಯ ಆ ತಾಯಂದಿರಿಂದಲೇ ಬಂತು. "ಯಪ್ಪಾ, ಅಕ್ಷರ ಭಾಳ ಸಣ್ಣ ಅದಾವು, ಕಣ್ಣಿಗೆ ಹತ್ತೂದಿಲ್ಲ." ಇಂಥ ಪುಸ್ತಕ ಓದುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಎರಡನೇ ಮುದ್ರಣದಲ್ಲಿ ಅಕ್ಷರ ದೊಡ್ಡದು ಮಾಡಿದೆವು. ಪುಟ ಹೆಚ್ಚಾಯಿತು, ಕಾಗದದ ಖರ್ಚೂ ಹೆಚ್ಚಾಯಿತು. ಹೊಳೆಯುವ ಲ್ಯಾಮಿನೇಷನ್ ಬಿಟ್ಟು ಸಾದಾ ರಕ್ಷಾಪುಟ ಹಾಕಿ ಅದನ್ನು ಸರಿದೂಗಿಸಿದೆವು.

ಪುಸ್ತಕದ ಕಟ್ಟುಗಳು ನಿಜವಾಗಿ ಖಾಲಿಯಾದದ್ದು ನಾವು ಎಣಿಸದ ಕಡೆಯಿಂದ. ನಮ್ಮಲ್ಲಿ ಹಿರಿಯರ ಪುಣ್ಯಸ್ಮರಣೆಗೆ, ಗೃಹಪ್ರವೇಶಕ್ಕೆ, ಕೆಲವೊಮ್ಮೆ ಮದುವೆಗೂ ಬಂದವರಿಗೆ ಪುಸ್ತಕ ಹಂಚುವ ಪದ್ಧತಿ ಇದೆ. ಸ್ಟೀಲ್ ಡಬ್ಬಿ ಕೊಡುವ ಬದಲು ಪುಸ್ತಕ. ಪ್ರವಚನಕ್ಕೆ ಬಂದಿದ್ದ ಒಬ್ಬರು ತಮ್ಮ ತಾಯಿಯ ವರ್ಷಾಬ್ದಿಕಕ್ಕೆ ಇದನ್ನೇ ಹಂಚುತ್ತೇವೆ ಎಂದು ಬಂದರು. ಮೊದಲ ಪುಟದ ಎದುರಿಗೆ ತಾಯಿಯ ಫೋಟೊ, ಹೆಸರು ಹಾಕಿ ಒಂದು ಹಾಳೆ ಅಂಟಿಸಿ ಕೊಡುತ್ತೀರಾ ಎಂದು ಕೇಳಿದರು. ಕೊಟ್ಟೆವು. ಆ ಮನೆಗೆ ಬಂದಿದ್ದ ನೆಂಟರಲ್ಲಿ ಇನ್ನೊಬ್ಬರು ತಮ್ಮ ಮನೆಯ ಕಾರ್ಯಕ್ಕೆ ಕೇಳಿದರು. ಹೀಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ ಮೊದಲ ಮುದ್ರಣದ ಸಾವಿರ ಪ್ರತಿ ಮುಗಿದವು. ಹಂಚಿದ ಪುಸ್ತಕವನ್ನು ಯಾರೂ ಓದುವುದಿಲ್ಲ ಎನ್ನುವವರಿದ್ದಾರೆ. ನನ್ನ ಅನುಭವ ಹಾಗಿಲ್ಲ. ಯಾರದೋ ತಾಯಿಯ ಫೋಟೊ ಇರುವ ಪುಸ್ತಕವನ್ನು ರದ್ದಿಗೆ ಹಾಕಲು ನಮ್ಮ ಜನಕ್ಕೆ ಮನಸ್ಸು ಬರುವುದಿಲ್ಲ. ಅದು ದೇವರ ಜಗಲಿಯ ಹತ್ತಿರ ಇರುತ್ತದೆ. ಬೇಜಾರಾದ ಒಂದು ಮಧ್ಯಾಹ್ನ ಯಾರಾದರೂ ತೆರೆಯುತ್ತಾರೆ. ಹಾಗೆ ತೆರೆದವರು ಅಕ್ಕೋರಿಗೆ ಫೋನ್ ಮಾಡಿದ್ದಾರೆ.

ಚಿತ್ರದ ಕಥೆ ಬೇರೆ. ಅದಕ್ಕೆ ದುಡ್ಡಿಗಿಂತ ಏರ್ಪಾಡು ಜಾಸ್ತಿ ಬೇಕು. ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಚಿತ್ರಕ್ಕೆ ಕತ್ತಲೆ ಬೇಕು, ಪರದೆ ಬೇಕು, ಕರೆಂಟ್ ಬೇಕು. ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸೆನ್ಸಾರ್ ಪ್ರಮಾಣಪತ್ರ ಇರಬೇಕು. ಆ ಹುಡುಗ ಅದನ್ನು ಮೊದಲೇ ಮಾಡಿಸಿದ್ದ. ಎಲ್ಲಿ, ಯಾವ ದಿನ, ಉಚಿತವೋ ಟಿಕೆಟೋ ಎಂದು ಅವನಿಂದ ಪ್ರತಿ ಸಲವೂ ಪತ್ರ ಬರೆಸಿಕೊಂಡೆವು. ಹಾಡಿದ ಕಲಾವಿದರ ಒಪ್ಪಿಗೆಯೂ ಬೇಕೆಂದು ಅವನೇ ಹಟ ಹಿಡಿದ. ಅದು ಸರಿಯಾದ ಹಟ. ಯಾರ ಹಾಡನ್ನು ತೋರಿಸುತ್ತೇವೋ ಅವರಿಗೇ ಗೊತ್ತಿಲ್ಲದೆ ತೋರಿಸುವುದು ಎಲ್ಲಿಯ ಅಧ್ಯಾತ್ಮ?

ಧಾರವಾಡದಲ್ಲಿ ಸಭಾಂಗಣಕ್ಕೆ ಬರ ಇಲ್ಲ. 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಅಟ್ಟ, ಇವುಗಳ ನಡುವೆ ಬೆಳೆದ ಊರು ಇದು. ಕೇಳುಗರೂ ಇದ್ದಾರೆ. ಆದರೆ ನಮಗೆ ಚಿತ್ರವನ್ನು ಹಾಡುವವರ ಊರುಗಳಲ್ಲೇ ತೋರಿಸಬೇಕಿತ್ತು. ಶಿಗ್ಗಾಂವಿ ತಾಲ್ಲೂಕಿನ ಊರುಗಳನ್ನು ಹಿಡಿದೆವು. ಸಂತ ಶಿಶುನಾಳ ಶರೀಫರು ಹುಟ್ಟಿದ ಸೀಮೆ ಅದು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರ ಪದಗಳನ್ನು ಅಲ್ಲಿ ಇವತ್ತಿಗೂ ಬಾಯಿಪಾಠ ಹಾಡುತ್ತಾರೆ.

ಸಮುದಾಯ ಭವನಗಳ ಕಿಟಕಿಗಳಿಗೆ ಪರದೆ ಇರುವುದಿಲ್ಲ. ಹಾಗಾಗಿ ಸೂರ್ಯ ಮುಳುಗಿದ ಮೇಲೇ ಶುರುಮಾಡಬೇಕು. ಗೋಡೆಯ ಮೇಲೆ ತೋರಿಸಿದರೆ ಬಣ್ಣ ಕೆಡುತ್ತದೆ. ಬಿಳಿ ಬಟ್ಟೆಯನ್ನು ಸುಕ್ಕಿಲ್ಲದೆ ಎಳೆದು ಕಟ್ಟಿದರೆ ಚೆನ್ನಾಗಿ ಕಾಣುತ್ತದೆ. ದೊಡ್ಡ ತೊಂದರೆ ಧ್ವನಿಯದು. ತಗಡಿನ ಚಾವಣಿ, ಬರಿಯ ಗೋಡೆ, ಮೇಲೆ ಗರಗರ ತಿರುಗುವ ಫ್ಯಾನು. ಮದುವೆಗೆ ತರುವ ಸ್ಪೀಕರ್ ಇಟ್ಟರೆ ಏಕತಾರಿಯ ದನಿ ಪೂರ್ತಿ ಮುಚ್ಚಿಹೋಗುತ್ತದೆ. ಸಣ್ಣ ಸ್ಪೀಕರ್‌ಗಳನ್ನು ಜನರ ಕಿವಿಯ ಮಟ್ಟಕ್ಕೆ ಇಳಿಸಿ, ನೆಲಕ್ಕೆ ಜಮಖಾನೆ ಹಾಸಿ ಎಲ್ಲರನ್ನೂ ಕೆಳಗೇ ಕೂರಿಸಿದೆವು. ದನಿ ತಿಳಿಯಾಯಿತು.

ಇನ್ನೊಂದು ವಿಷಯಕ್ಕೆ ಜಾಸ್ತಿ ತಾಳ್ಮೆ ಬೇಕಾಯಿತು. ನಮ್ಮಲ್ಲಿ ಯಾವ ಕಾರ್ಯಕ್ರಮವಾದರೂ ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಅತಿಥಿಗಳ ಭಾಷಣ. ಚಿತ್ರ ಶುರುವಾಗುವ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತಾರೆ. ಊರಿನ ಹಿರಿಯರ ಮನಸ್ಸು ನೋಯಿಸಲೂ ಆಗುವುದಿಲ್ಲ. ಮುಂಚೆಯೇ ಅವರ ಮನೆಗೆ ಹೋಗಿ ಕೂತು ಮಾತಾಡಿದೆ. "ಗೌಡ್ರ, ಮೊದಲ ಪದ ಕೇಳೂಣು, ಆಮ್ಯಾಲ ನೀವು ಮಾತಾಡ್ರಿ" ಎಂದು ಕೇಳಿಕೊಂಡೆ. ಒಪ್ಪಿದರು. ಚಿತ್ರ ಮುಗಿದ ಮೇಲೆ ಭಾಷಣಕ್ಕೆ ಎದ್ದ ಹಿರಿಯರೇ ತಮ್ಮ ಕಾಲದ ಭಜನಾ ಮೇಳದ ನೆನಪು ತೆಗೆದರು. ಬರೆದಿಟ್ಟುಕೊಂಡು ಬಂದ ಭಾಷಣ ಜೇಬಿನಲ್ಲೇ ಉಳಿಯಿತು. ಹಿಂದೆ ಕೂತಿದ್ದ ಒಬ್ಬ ರೈತ ಎದ್ದು "ಇದು ನಮ್ಮಪ್ಪ ಹಾಡತಿದ್ದ ಪದ ಐತ್ರೀ, ಆದ್ರ ಆಂವ ಇನ್ನೊಂದು ನುಡಿ ಹಾಡತಿದ್ದ" ಎಂದು ಆ ನುಡಿಯನ್ನು ಅಲ್ಲೇ ಹಾಡಿದ. ಚಿತ್ರ ಮಾಡಿದ ಹುಡುಗ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡ.

ಆಮೇಲಿನ ಪ್ರದರ್ಶನಗಳಿಗೆ ಚಿತ್ರದಲ್ಲಿ ಹಾಡಿದವರನ್ನೇ ಕರೆದುಕೊಂಡು ಹೋದೆವು. ಅವರಿಗೆ ಬಸ್ ಚಾರ್ಜು, ಊಟ, ಸಂಭಾವನೆ ಕೊಟ್ಟೇ ಕರೆಯಬೇಕು. ದೇವರ ಹಾಡು, ಸುಮ್ನೆ ಬರ್ತಾರೆ ಎಂದುಕೊಳ್ಳುವ ರೂಢಿ ನನಗೆ ಹಿಡಿಸುವುದಿಲ್ಲ. ಹಾಡುವವರಲ್ಲಿ ಹೆಚ್ಚಿನವರು ಕೂಲಿ ಮಾಡುವವರು. ಒಂದು ರಾತ್ರಿ ಹಾಡಿದರೆ ಮರುದಿನದ ಕೂಲಿ ಹೋಗುತ್ತದೆ. ಹುಂಡಿಗೆ ಬಿದ್ದ ಕಾಣಿಕೆ, ಪುಸ್ತಕ ಮಾರಿದ್ದರಲ್ಲಿ ಉಳಿದದ್ದು ಸೇರಿಸಿ ಕೊಟ್ಟೆವು. ಲೆಕ್ಕವನ್ನು ಅವತ್ತೇ ಎಲ್ಲರ ಮುಂದೆ ಓದಿ ಹೇಳುತ್ತಿದ್ದೆ. ಬ್ಯಾಂಕಿನ ನೌಕರಿ ಕಲಿಸಿದ ಅಭ್ಯಾಸ ಅದು. ಅಧ್ಯಾತ್ಮದ ಹೆಸರಿನಲ್ಲಿ ಸೇರಿದ ದುಡ್ಡಿನ ಲೆಕ್ಕ ಇನ್ನೂ ಚೊಕ್ಕಟ ಇರಬೇಕು.

ದೂರದವರಿಗೆ ಪುಸ್ತಕ ಕಳಿಸುವುದು ಬಹಳ ದಿನ ಹೊರೆಯಾಗಿತ್ತು. ಪುಸ್ತಕದ ಬೆಲೆಗೆ ಹತ್ತಿರ ಹತ್ತಿರ ಕೊರಿಯರ್ ಖರ್ಚು ಬರುತ್ತಿತ್ತು. 2025ರ ಮೇ 1ರಿಂದ ಅಂಚೆ ಇಲಾಖೆ ಜ್ಞಾನ ಪೋಸ್ಟ್ ಶುರುಮಾಡಿದ ಮೇಲೆ ಹಗುರಾಯಿತು. ಪಠ್ಯ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಇರುವ ಸೇವೆ. ಶುರುವಾದಾಗಿನ ದರದಂತೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಒಳಗೆ ಬೇರೆ ಜಾಹೀರಾತಿನ ಹಾಳೆ ತುರುಕಬಾರದು. ನಮ್ಮ ಪುಸ್ತಕ ಹಗುರ, ಹಾಗಾಗಿ ಕಡಿಮೆ ದರದಲ್ಲೇ ಹೋಗುತ್ತದೆ. ನಿಧಾನವಾಗಿ ಮುಟ್ಟುತ್ತದೆ ನಿಜ. ಕೇಳಿದವರಿಗೆ ಮೊದಲೇ ಹೇಳಿಬಿಡುತ್ತೇವೆ.

ವಿದೇಶದ ಕನ್ನಡಿಗರಿಂದಲೂ ಕರೆ ಬರುತ್ತವೆ. ಅವರಲ್ಲಿ ಹಲವರಿಗೆ ಕನ್ನಡ ಮಾತು ಬರುತ್ತದೆ, ಮಕ್ಕಳಿಗೆ ಓದಲು ಬರುವುದಿಲ್ಲ. ಓದಿ ರೆಕಾರ್ಡ್ ಮಾಡಿ ಕಳಿಸಿ ಎಂದು ಕೇಳುತ್ತಾರೆ. ಇಲ್ಲಿಯ ತಾಯಂದಿರಲ್ಲಿ ಕಣ್ಣು ಮಂಜಾದವರೂ ಅದನ್ನೇ ಕೇಳಿದ್ದರು. ಹಾಗಾಗಿ ಈಗ ಆಡಿಯೊ ಪುಸ್ತಕದ ಕೆಲಸ ಹಿಡಿದಿದ್ದೇವೆ. ನುರಿತ ದನಿಯವರಿಂದ ಓದಿಸೋಣ ಎಂದು ಗೆಳೆಯ ಹೇಳಿದ. ನಾನು ಅಕ್ಕೋರೇ ಓದಲಿ ಅಂದೆ. ಅವರಿಗೆ ಸ್ವಲ್ಪ ಕೆಮ್ಮಿದೆ, ಒಂದು ಅಧ್ಯಾಯಕ್ಕೆ ಎರಡು ಮೂರು ಸಲ ನಿಲ್ಲಿಸಬೇಕಾಗುತ್ತದೆ. ಪರವಾಗಿಲ್ಲ. ಮಠದಲ್ಲಿ ಜನ ಕೇಳಿದ್ದು ಆ ದನಿಯನ್ನೇ. ಹಿನ್ನೆಲೆಗೆ ಕೊಳಲು, ಹಕ್ಕಿಯ ಸದ್ದು ಯಾವುದೂ ಹಾಕುವುದಿಲ್ಲ. ಶ್ರಾವಣಕ್ಕೆ ಮುಂಚೆ ಮುಗಿಸಬೇಕೆಂದು ದಿನಾ ಬೆಳಿಗ್ಗೆ ಒಂದೊಂದು ಅಧ್ಯಾಯ ಓದುತ್ತಿದ್ದಾರೆ. ನೀರು ತುಂಬುವುದು, ರೊಟ್ಟಿ ಬಡಿಯುವುದು ಎರಡೂ ಮುಗಿದಿವೆ. ಬಸ್ ಕಾಯುವ ಅಧ್ಯಾಯವನ್ನು ಮತ್ತೊಮ್ಮೆ ತಿದ್ದಿ ಬರೆದು ಓದುತ್ತೇನೆ ಅಂದಿದ್ದಾರೆ. ಮೊದಲು ಬರೆದಾಗ ಹೆಂಗಸರಿಗೆ ಬಸ್ ಟಿಕೆಟ್ ಇತ್ತು, ಈಗ ಇಲ್ಲ, ಕಾಯುವವರ ಗುಂಪೇ ಬೇರೆಯಾಗಿದೆ ಎನ್ನುವುದು ಅವರ ಮಾತು.